ಸಂಬಳ ಸರಿ, ವಿಮೆ ಅರೆಬರೆ: ಸೇರಲೋ ಬೇಡವೋ?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಓದು ಮುಗಿಸಿದ್ದೇನೆ, ಮೊದಲ ಕೆಲಸದ ಆಫರ್ ಬಂದಿದೆ. ಸಣ್ಣ ಕಂಪನಿ, ನಾನು ಬಯಸಿದ ಕೆಲಸ, ಸಂಬಳವೂ ಪರವಾಗಿಲ್ಲ. ತೊಡಕು ಆರೋಗ್ಯ ವಿಮೆಯದು. ವಿಮೆ ನನಗೊಬ್ಬಳಿಗೆ ಮಾತ್ರ, ಆಸ್ಪತ್ರೆಗೆ ದಾಖಲಾದರೆ ಮಾತ್ರ, ಅದೂ ಸೇರಿ ಮೂರು ತಿಂಗಳಾದ ಮೇಲೆ. ನನಗೆ ಚಿಕ್ಕಂದಿನಿಂದ ಆಸ್ತಮಾ ಇದೆ. ಅಪ್ಪ "ಮೊದಲ ಕೆಲಸ, ಹಿಂದೆಮುಂದೆ ನೋಡದೆ ಸೇರಿಕೋ" ಅನ್ನುತ್ತಾರೆ. ಗೆಳತಿ "ವಿಮೆ ಸರಿಯಿಲ್ಲದ ಕಡೆ ಕಾಲಿಡಬೇಡ" ಅನ್ನುತ್ತಾಳೆ. ಇದನ್ನೆಲ್ಲ ಎಚ್‌ಆರ್ ಹತ್ತಿರ ಕೆದಕಿದರೆ ಆಫರನ್ನೇ ವಾಪಸ್ ತೆಗೆದುಕೊಂಡುಬಿಟ್ಟಾರು ಎಂಬ ಭಯವೂ ಇದೆ. ವಾರದೊಳಗೆ ಉತ್ತರ ಕೊಡಬೇಕು. ಏನು ಮಾಡಲಿ?
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ

ನಿಮ್ಮ ಅಪ್ಪ ಕೆಲಸವನ್ನು ನೋಡಿ ಮಾತಾಡುತ್ತಿದ್ದಾರೆ, ಗೆಳತಿ ವಿಮೆಯನ್ನು ನೋಡಿ. ಪಾಲಿಸಿಯ ಕಾಗದವನ್ನು ಮಾತ್ರ ಇಬ್ಬರೂ ನೋಡಿಲ್ಲ. ಪತ್ರದ ಧಾಟಿ ನೋಡಿದರೆ ನಿಮ್ಮ ಕೈಗೂ ಅದು ಸಿಕ್ಕಂತಿಲ್ಲ. ಆಫರ್ ಲೆಟರಿನಲ್ಲಿ ವಿಮೆಯ ಬಗ್ಗೆ ಇರುವ ಎರಡು ಮೂರು ಸಾಲನ್ನೇ ನನಗೂ ಬರೆದು ಕಳಿಸಿದ್ದೀರಿ. ಆ ಸಾಲು ಬರೆದವರು ಎಚ್‌ಆರ್‌ನವರು, ನಾಳೆ ಬಿಲ್ಲು ಕಟ್ಟಬೇಕಾದವರು ವಿಮಾ ಕಂಪನಿಯವರು. ಕ್ಲೇಮು ಪಾಸಾಗುವುದು ಪಾಲಿಸಿಯಲ್ಲಿ ಬರೆದಿರುವಂತೆ, ಆಫರ್ ಲೆಟರಿನಲ್ಲಿ ಹೇಳಿರುವಂತೆ ಅಲ್ಲ. ಅದು ಕೈಗೆ ಬರುವವರೆಗೆ ಸೇರುತ್ತೇನೆ ಅನ್ನುವುದೂ ಬೇಡ, ಬಿಡುತ್ತೇನೆ ಅನ್ನುವುದೂ ಬೇಡ.

ಯಾವ ದೇಶದಲ್ಲಿ ಕೆಲಸಕ್ಕೆ ಸೇರುತ್ತಿದ್ದೀರಿ ಎಂದು ನೀವು ಬರೆದಿಲ್ಲ. ನಮ್ಮ ಓದುಗರು ಎಲ್ಲೆಲ್ಲೋ ಇದ್ದಾರೆ, ಹಾಗಾಗಿ ಊಹೆ ಮಾಡಲು ಹೋಗುವುದಿಲ್ಲ. ಆದರೆ ಉತ್ತರ ಅರ್ಧಕ್ಕರ್ಧ ಬದಲಾಗುವುದು ಅಲ್ಲೇ. ಕೂಲಿ ಕೊಡುವವನು ಕಾಯಿಲೆಯ ಖರ್ಚಿಗೂ ಪಾಲು ಹಾಕಬೇಕು ಎಂದು ಜರ್ಮನಿ ಕಾನೂನು ಮಾಡಿದ್ದು 1883ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ. ಆಗ ಕಂತಿನ ಮೂರರಲ್ಲಿ ಎರಡು ಪಾಲು ಕಾರ್ಮಿಕರದು, ಒಂದು ಪಾಲು ಮಾಲೀಕರದು ಆಗಿತ್ತು. ಅಮೆರಿಕದಲ್ಲಿ ಕಂಪನಿ ವಿಮೆ ಬಲಿತ ಕಥೆ ಬೇರೆ. ಯುದ್ಧದ ನಡುವೆ, 1942ರಲ್ಲಿ, ಸರ್ಕಾರ ಸಂಬಳ ಏರಿಸದಂತೆ ಕಡಿವಾಣ ಹಾಕಿತು. ಜನ ಸಿಗದೆ ಪರದಾಡುತ್ತಿದ್ದ ಕಂಪನಿಗಳು ಸಂಬಳದ ಬದಲು ವಿಮೆ ತೋರಿಸಿ ಕರೆಯತೊಡಗಿದವು. ಅಂದರೆ ವಿಮೆ ಅಲ್ಲಿ ಬಂದದ್ದೇ ಸಂಬಳದ ಇನ್ನೊಂದು ರೂಪವಾಗಿ. ಇವತ್ತಿಗೂ ಅದನ್ನು ಹಾಗೆಯೇ ಲೆಕ್ಕ ಹಾಕಬೇಕು ಎನ್ನುವುದು ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ 1948ರಿಂದ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ಇರುವುದರಿಂದ ಕಂಪನಿ ವಿಮೆ ಕಡಿಮೆಯಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಭಾರತದಲ್ಲಾದರೆ ನಿಮ್ಮ ಸಂಬಳ ಇಎಸ್‌ಐ (ಕಡಿಮೆ ಸಂಬಳದ ನೌಕರರಿಗಿರುವ ಸರ್ಕಾರಿ ವಿಮೆ) ಮಿತಿಯೊಳಗೆ ಬರುತ್ತದೋ ಇಲ್ಲವೋ ನೋಡಬೇಕು. ಅಮೆರಿಕದಲ್ಲಿ ಹೆತ್ತವರ ಪಾಲಿಸಿ ಮಕ್ಕಳನ್ನೂ ಸೇರಿಸಿಕೊಳ್ಳುವಂಥದ್ದಾದರೆ 26 ತುಂಬುವವರೆಗೆ ಅದರಲ್ಲೇ ಉಳಿಯಬಹುದು. ಕಂಪನಿಯ ವಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಿಮ್ಮ ಕಾಲಡಿ ಬೇರೆ ನೆಲ ಇದೆಯೇ? ಇದನ್ನು ಇವತ್ತೇ ವಿಚಾರಿಸಿ.

ಇನ್ನು ಆಸ್ತಮಾ. ಪತ್ರದಲ್ಲಿ ಅದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ, ನನಗೋ ಅದನ್ನು ದಾಟಿ ಮುಂದೆ ಹೋಗಲಾಗಲಿಲ್ಲ. ಆರೋಗ್ಯವಾಗಿರುವ ಇಪ್ಪತ್ತೆರಡರ ಹುಡುಗನೊಬ್ಬ ಇದೇ ಪ್ರಶ್ನೆ ಕೇಳಿದ್ದರೆ "ಸೇರಿಕೊಳ್ಳಪ್ಪ, ಕಡಿಮೆ ಬಿದ್ದದ್ದನ್ನು ಹೊರಗೆ ಕೊಂಡುಕೋ" ಎಂದು ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದೆ. ನಿಮ್ಮ ವಿಷಯದಲ್ಲಿ ಹಾಗೆ ಮುಗಿಸುವಂತಿಲ್ಲ.

ಒಂದು ಸನ್ನಿವೇಶ ನೋಡಿ. ರಾತ್ರಿ ಉಸಿರು ಕಟ್ಟಿತು, ತುರ್ತು ಚಿಕಿತ್ಸೆಗೆ ಓಡಿದಿರಿ, ನೆಬುಲೈಸರ್ ಹಿಡಿದರು, ಒಂದು ಇಂಜೆಕ್ಷನ್ ಕೊಟ್ಟರು, ಬೆಳಕು ಹರಿಯುವ ಹೊತ್ತಿಗೆ ಮನೆಗೆ ಕಳಿಸಿದರು. ಬಿಲ್ಲು ಆಯಿತು. ಆದರೆ ನೀವು "ದಾಖಲಾದಿರಾ"? ದಾಖಲಾತಿಗೆ ಮಾತ್ರ ಹಣ ಕೊಡುವ ಎಷ್ಟೋ ಪಾಲಿಸಿಗಳು ಕನಿಷ್ಠ 24 ಗಂಟೆ ಹಾಸಿಗೆಯಲ್ಲಿದ್ದರೆ ಮಾತ್ರ ಅದನ್ನು ದಾಖಲಾತಿ ಎಂದು ಒಪ್ಪುತ್ತವೆ. ಆ ರಾತ್ರಿಯ ಖರ್ಚು ಪೂರ್ತಿ ನಿಮ್ಮದೇ. ವರ್ಷವಿಡೀ ಬೇಕಾಗುವ ಇನ್‌ಹೇಲರ್, ವೈದ್ಯರ ಭೇಟಿ, ಶ್ವಾಸಕೋಶದ ಪರೀಕ್ಷೆ ಇವೆಲ್ಲ ಹೊರರೋಗಿ ಖರ್ಚು, ಅದೂ ಪಾಲಿಸಿಗೆ ಸೇರಿದ್ದಲ್ಲ. ವಿಚಿತ್ರವೆಂದರೆ ಆಸ್ಪತ್ರೆಯ ಮೆಟ್ಟಿಲು ಹತ್ತದಂತೆ ನಿಮ್ಮನ್ನು ಕಾಯುವುದು ಇದೇ ಖರ್ಚು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಇನ್‌ಹೇಲರ್ ಒಂದನ್ನೇ ನೆಚ್ಚಿ ಕೂರಬಾರದು, ಊತ ತಗ್ಗಿಸುವ ಔಷಧಿಯೂ ಜೊತೆಗಿರಬೇಕು ಎಂದು ಜಾಗತಿಕ ಆಸ್ತಮಾ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆ. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಆ ಔಷಧಿಗೇ. ಆದ್ದರಿಂದ ಸಂಬಳದಲ್ಲಿ ಬಾಡಿಗೆಯಷ್ಟೇ ಕಡ್ಡಾಯವಾಗಿ ಔಷಧಿಯ ಹಣವನ್ನು ಮೊದಲು ತೆಗೆದಿಡಿ, ಉಳಿದದ್ದನ್ನು ಸಂಬಳ ಅನ್ನಿ. ಹಾಗೆ ನೋಡಿದಾಗಲೂ "ಪರವಾಗಿಲ್ಲ" ಅನ್ನಿಸುತ್ತದೆಯೇ?

ನೀವು ಕೇಳದೇ ಬಿಟ್ಟ ಪ್ರಶ್ನೆ ಇನ್ನೊಂದಿದೆ. ಮೊದಲೇ ಇರುವ ಕಾಯಿಲೆಗೆ ಈ ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟು? ಮೂರು ತಿಂಗಳು ಎಂದದ್ದು ವಿಮೆ ಶುರುವಾಗಲು. ಆಸ್ತಮಾಕ್ಕೆ ಬೇರೆ ಗಡುವು ಇರಬಹುದು, ಇಲ್ಲದೆಯೂ ಇರಬಹುದು. ಕಂಪನಿಯ ಗುಂಪು ವಿಮೆಯಲ್ಲಿ ಈ ಗಡುವನ್ನು ತೆಗೆಸಿರುವುದುಂಟು, ಏಕೆಂದರೆ ಅಲ್ಲಿ ವಿಮಾ ಕಂಪನಿ ಒಬ್ಬೊಬ್ಬರ ಎದೆಗೆ ಕಿವಿಗೊಟ್ಟು ಪರೀಕ್ಷಿಸುವುದಿಲ್ಲ, ಇಡೀ ಗುಂಪನ್ನು ಒಟ್ಟಿಗೆ ತೂಗುತ್ತದೆ. ನೀವೇ ಹೊರಗೆ ಕೊಳ್ಳಲು ಹೋದರೆ ಆ ರಿಯಾಯಿತಿ ಸಿಗುವುದು ಕಷ್ಟ. ಭಾರತದಲ್ಲಿ ವೈಯಕ್ತಿಕ ಪಾಲಿಸಿಯವರು ಹಳೆಯ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. 2024ರಲ್ಲಿ ನಿಯಮ ಬದಲಾಗುವ ಮೊದಲು 48 ತಿಂಗಳಿತ್ತು. ಅಮೆರಿಕದಲ್ಲಿ 2014ರಿಂದ ಆ ಕಾರಣಕ್ಕೆ ತಳ್ಳಿಹಾಕುವಂತೆಯೇ ಇಲ್ಲ. ಹೀಗಾಗಿ ಗೆಳತಿ ಮೂಗು ಮುರಿದ ಇದೇ ಪುಟ್ಟ ಪಾಲಿಸಿ, ನಾಲ್ಕನೇ ತಿಂಗಳಿಂದ ಆಸ್ತಮಾವನ್ನೂ ಒಪ್ಪಿಕೊಳ್ಳುವಂಥದ್ದಾಗಿದ್ದರೆ, ನೀವು ದುಡ್ಡು ಸುರಿದು ಹೊರಗೆ ಕೊಳ್ಳುವ ದೊಡ್ಡ ಪಾಲಿಸಿಗಿಂತ ಮೇಲು. ಒಪ್ಪಿಕೊಳ್ಳದಿದ್ದರೆ, ನಿಜ ಹೇಳಬೇಕೆಂದರೆ, ನಿಮ್ಮ ಪಾಲಿಗೆ ಅದು ಅಪಘಾತಕ್ಕೂ ಅಪೆಂಡಿಕ್ಸಿಗೂ ಮಾತ್ರ ಆಗುವ ವಿಮೆ.

ಪಾಲಿಸಿ ಸಿಕ್ಕಿದ ಮೇಲೆ ಎಲ್ಲಿಂದ ಓದಬೇಕು? ಬಹಳ ಜನ ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಾವು ಹಾಕಬೇಕಾದ ಶೇಕಡಾವಾರು ಪಾಲು, ಎಷ್ಟು ಎಂದು ಹುಡುಕುತ್ತಾರೆ. ನಾನು ಮೊದಲು ನೋಡುವುದು ವಿಮೆ ವರ್ಷಕ್ಕೆ ಕೊಡುವ ಗರಿಷ್ಠ ಮೊತ್ತ. ಆಸ್ಪತ್ರೆಯ ಬಿಲ್ಲು 100 ಎಂದಿಟ್ಟುಕೊಳ್ಳಿ. ಡಿಡಕ್ಟಿಬಲ್, ಅಂದರೆ ವಿಮೆಗಿಂತ ಮೊದಲು ನೀವೇ ಕಟ್ಟಬೇಕಾದ ಮೊತ್ತ, 10 ಇದ್ದರೆ ಆ 10 ನಿಮ್ಮದು. ಉಳಿದ 90ಕ್ಕೆ ಶೇಕಡಾ 20 ಕೋ-ಪೇ ಎಂದರೆ ಇನ್ನೊಂದು 18. ಒಟ್ಟು 28 ನಿಮ್ಮದು, 72 ವಿಮೆಯದು, ನೋವಾದರೂ ತಡೆದುಕೊಳ್ಳಬಹುದು. ಅದೇ ಪಾಲಿಸಿಗೆ 50ರ ಮಿತಿ ಇದ್ದರೆ ನಿಮ್ಮ ಪಾಲು 50ಕ್ಕೆ ಏರಿತು. ಬಿಲ್ಲು 200 ಆದರೆ 150! ಸಣ್ಣ ಬಿಲ್ಲನ್ನು ಹೇಗೋ ಸಾಲಸೋಲ ಮಾಡಿ ತೀರಿಸಬಹುದು, ಮನೆ ಮುಳುಗಿಸುವುದು ದೊಡ್ಡ ಬಿಲ್ಲು. ಆ ದೊಡ್ಡ ಬಿಲ್ಲಿನ ಹೊತ್ತಿಗೆ ಸರಿಯಾಗಿ ಕೈ ಎತ್ತುವ ಪಾಲಿಸಿಯನ್ನು ಕೋ-ಪೇ ಇಲ್ಲವೆಂಬ ಕಾರಣಕ್ಕೆ ಹೊಗಳುವುದರಲ್ಲಿ ಅರ್ಥವಿಲ್ಲ. ಮಿತಿ ಕಡಿಮೆ ಎನ್ನಿಸಿದರೆ, ಟಾಪ್-ಅಪ್ ಸಿಗುವ ಕಡೆ ಅದನ್ನು ವಿಚಾರಿಸಿ. ಒಂದು ಮೊತ್ತ ದಾಟಿದ ಮೇಲಷ್ಟೇ ಹಣ ಕೊಡುವ ಪಾಲಿಸಿಯಾದ್ದರಿಂದ ಪ್ರೀಮಿಯಂ ಹಗುರ.

ಮೂರು ತಿಂಗಳ ಅಂತರಕ್ಕೆ ಬೆಚ್ಚಬೇಡಿ. ಸಣ್ಣ ಕಂಪನಿಗಳಲ್ಲಿ ಇದು ಮಾಮೂಲು. ಅಮೆರಿಕದ ಕಾನೂನು ಕೂಡ ಗುಂಪು ವಿಮೆಗೆ 90 ದಿನದವರೆಗೆ ಕಾಯಿಸಲು ಬಿಡುತ್ತದೆ. ಆ ಅವಧಿಗೆ ಹಳೆಯ ವಿಮೆ ಮುಂದುವರಿಯುತ್ತದೆಯೇ, ಅಲ್ಪಾವಧಿ ಪಾಲಿಸಿ ಸಿಗುತ್ತದೆಯೇ ಎಂದು ನೋಡಿದರಾಯಿತು. ಅಪ್ಪ-ಅಮ್ಮನಿಗೆ ವಿಮೆ ಮಾಡಿಸುವ ಮಾತನ್ನು ಇದಕ್ಕೆ ತಳುಕು ಹಾಕಬೇಡಿ, ಅದು ಬೇರೆಯೇ ಲೆಕ್ಕ.

ಈಗ ತೂಗುವ ಬಗೆ. ಈ ಪಾಲಿಸಿಯಲ್ಲಿ ಇಲ್ಲದ್ದನ್ನು ಹೊರಗೆ ಕೊಂಡರೆ ವರ್ಷಕ್ಕೆ ಎಷ್ಟಾಗುತ್ತದೆ, ಬರೆದುಕೊಳ್ಳಿ. ಔಷಧಿಯ ಖರ್ಚು ಕೂಡಿಸಿ. ಎರಡನ್ನೂ ಸಂಬಳದಿಂದ ಕಳೆಯಿರಿ. ಉಳಿದ ಸಂಬಳಕ್ಕೆ ಈ ಕೆಲಸ ನಿಮಗೆ ಒಪ್ಪಿಗೆಯಾದರೆ ಸೇರಿ, ವಿಮೆಯ ಮಾತು ಅಲ್ಲಿಗೆ ಮುಗಿಯಿತು. ಇಷ್ಟವಾದ ಕೆಲಸ ಮೊದಲ ಯತ್ನಕ್ಕೇ ಸಿಗುವುದು ಅಪರೂಪ, ಅದಕ್ಕೆ ನಾನು ಹೆಚ್ಚೇ ಅಂಕ ಕೊಡುವವನು. ಆದರೆ ಬೇಕಾದ ವಿಮೆ ಹೊರಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಸರ್ಕಾರದ ಆಸರೆಯೂ ಇಲ್ಲ, ಕಂಪನಿಯ ಪಾಲಿಸಿಯೂ ಆಸ್ತಮಾವನ್ನು ಹೊರಗಿಟ್ಟಿದೆ ಎಂದಾದರೆ ಈ ಕೂಡಿಸಿ ಕಳೆಯುವ ಲೆಕ್ಕ ನಡೆಯುವುದಿಲ್ಲ. ಆಗ ಎರಡನೆಯ ಆಫರಿಗೆ ಕಾಯುವುದು ಹೇಡಿತನವಲ್ಲ, ಅಪ್ಪನಿಗೆ ಹಾಗೆಂದು ನನ್ನ ಹೆಸರಲ್ಲೇ ಹೇಳಿ.

ಎಚ್‌ಆರ್ ಭಯಕ್ಕೆ ಬರುತ್ತೇನೆ. ಪಾಲಿಸಿಯ ಪ್ರತಿ ಕೇಳಿದ್ದಕ್ಕೆ ಆಫರ್ ಹಿಂದೆ ಪಡೆಯುವ ಕಂಪನಿ ನಾಳೆ ನಿಮ್ಮ ಕ್ಲೇಮಿಗೆ ಎಷ್ಟು ಓಡಾಡೀತು, ನೀವೇ ಯೋಚಿಸಿ. ಆದರೂ ಕೇಳುವ ರೀತಿ ಒಂದಿದೆ. ಕಾಯಿಲೆಯ ಹೆಸರು ಎಚ್‌ಆರ್‌ಗೆ ಹೇಳಬೇಕಾಗಿಲ್ಲ. ಫೋನಿನಲ್ಲಿ ಕೇಳಬೇಡಿ, ಇಮೇಲ್ ಬರೆಯಿರಿ, ಉತ್ತರ ಬರಹದಲ್ಲಿ ಉಳಿಯಲಿ. ಹೀಗೆ ಬರೆದರೆ ಸಾಕು:

"ಆಫರ್‌ಗೆ ಧನ್ಯವಾದ, ಸೇರಲು ಉತ್ಸುಕಳಾಗಿದ್ದೇನೆ. ಒಪ್ಪಿಗೆ ಕಳಿಸುವ ಮೊದಲು ಆರೋಗ್ಯ ವಿಮೆಯ ಪೂರ್ಣ ಪಾಲಿಸಿಯ ಪ್ರತಿ ಬೇಕಿತ್ತು. ವರ್ಷದ ಗರಿಷ್ಠ ಮೊತ್ತ, ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ, ಕೆಲಸ ಬಿಟ್ಟರೆ ವಿಮೆ ಯಾವ ದಿನದವರೆಗೆ ಇರುತ್ತದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ವಿಮೆಯನ್ನು ಮೊದಲ ದಿನದಿಂದಲೇ ಆರಂಭಿಸಲು, ಅಥವಾ ನಾನು ಹೊರಗೆ ಕೊಳ್ಳುವ ಪಾಲಿಸಿಯ ಪ್ರೀಮಿಯಂನಲ್ಲಿ ಪಾಲು ಭರಿಸಲು ಅವಕಾಶವಿದೆಯೇ?"

ಕೊನೆಯ ವಾಕ್ಯಕ್ಕೆ ಬಹುಶಃ ಇಲ್ಲ ಎಂದೇ ಬರಬಹುದು. ಗುಂಪು ಪಾಲಿಸಿಯ ಷರತ್ತನ್ನು ಒಬ್ಬರಿಗೋಸ್ಕರ ಬದಲಿಸುವುದು ಎಚ್‌ಆರ್ ಕೈಯಲ್ಲಿಲ್ಲ, ಸಂಬಳದಲ್ಲಿ ಒಂದಿಷ್ಟು ಸೇರಿಸುವುದು ಕೈಯಲ್ಲಿದೆ. ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಎಚ್‌ಆರ್ ಮುಂದೆ ಸುಮ್ಮನಿರಿ ಎಂದೆನಲ್ಲ, ಅದನ್ನು ವಿಮಾ ಕಂಪನಿಯ ಅರ್ಜಿಗೂ ಅನ್ವಯಿಸಿಬಿಡಬೇಡಿ. ಹೊರಗೆ ಪಾಲಿಸಿ ಕೊಳ್ಳುವಾಗ ಆಸ್ತಮಾ ಇದೆಯೇ ಎಂದು ಕೇಳಿದರೆ ಇದೆ ಎಂದೇ ಬರೆಯಿರಿ. ಏಜೆಂಟರು "ಬಿಡಿ ಮೇಡಂ, ಇದೆಲ್ಲ ಬರೆಯುವುದು ಬೇಡ" ಎಂದರೂ ಬರೆಯಿರಿ. ಮುಚ್ಚಿಟ್ಟದ್ದು ಹೊರಬಿದ್ದರೆ ಉಸಿರಾಟಕ್ಕೆ ಸಂಬಂಧಿಸಿದ ಕ್ಲೇಮು ಮಾತ್ರವಲ್ಲ, ಪಾಲಿಸಿಯೇ ರದ್ದಾಗುವ ಅಪಾಯವಿದೆ.

ಈಗ ಅಪ್ಪನ ಪಾಲಿಸಿಯಲ್ಲಿ ನಿಮ್ಮ ಹೆಸರಿದ್ದರೆ, ಕೆಲಸ ಸಿಕ್ಕಿತೆಂಬ ಖುಷಿಯಲ್ಲಿ ಅದನ್ನು ತೆಗೆಸಲು ಹೋಗಬೇಡಿ. ಹೊಸ ಕಂಪನಿಯ ವಿಮಾ ಕಾರ್ಡು ನಿಮ್ಮ ಹೆಸರಲ್ಲಿ ಬಂದು, ಅದರ ಮೇಲಿನ ಆರಂಭದ ದಿನಾಂಕ ಕಳೆದ ಮೇಲೆ ಆ ವಿಚಾರ.