ಮೂವತ್ತು ದಾಟಿದರೆ ಸಾಕೇ?

ಪ್ರಶ್ನೆ: ಸ್ವತಂತ್ರ ಯಾದೃಚ್ಛಿಕ ಚಲಕಗಳ ಸಂಖ್ಯೆ 30 ದಾಟಿದರೆ ಅವುಗಳ ಮೊತ್ತಕ್ಕೆ ನಾರ್ಮಲ್ ವಿತರಣೆಯನ್ನು (ಗಂಟೆಯಾಕಾರದ ರೇಖೆಯನ್ನು) ಬಳಸಬಹುದು ಎಂದು ನಮಗೆ ಪಾಠ ಮಾಡಿದ್ದಾರೆ. ಹಾಗೆ ಬಳಸಿದಾಗ ಉತ್ತರದಲ್ಲಿ ಎಷ್ಟು ತಪ್ಪು ನುಸುಳಬಹುದು ಎಂಬುದನ್ನು ಮೊದಲೇ ತಿಳಿಯಲು ದಾರಿಯಿದೆಯೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಾರಿಯಿದೆ, ಆದರೆ ಅದರಲ್ಲಿ 30ಕ್ಕೆ ವಿಶೇಷ ಸ್ಥಾನವೇನೂ ಇಲ್ಲ. ಕೇಂದ್ರೀಯ ಮಿತಿ ಪ್ರಮೇಯವು ಮೊತ್ತದ ವಿತರಣೆ ನಾರ್ಮಲ್‌ನತ್ತ ಸಾಗುತ್ತದೆ ಎನ್ನುತ್ತದೆಯೇ ಹೊರತು ಎಷ್ಟು ಬೇಗ ಎಂಬುದನ್ನು ಹೇಳುವುದಿಲ್ಲ. ಆ ಕೊರತೆಯನ್ನು 1941ರಲ್ಲಿ ಗಣಿತಜ್ಞ ಬೆರಿ, 1942ರಲ್ಲಿ ಸ್ವೀಡನ್ನಿನ ಗಣಿತಜ್ಞ ಎಸ್ಸೀನ್ ಬೇರೆಬೇರೆಯಾಗಿಯೇ ತುಂಬಿಕೊಟ್ಟರು. ಚಲಕಗಳೆಲ್ಲ ಒಂದೇ ವಿತರಣೆಯವಾಗಿದ್ದರೆ, ಸರಾಸರಿಯಿಂದಿರುವ ದೂರದ ಘನದ ಸರಾಸರಿಯನ್ನು ಮಾನಕ ವಿಚಲನೆಯ ಘನದಿಂದ ಭಾಗಿಸಿ, ಬಂದುದನ್ನು ಚಲಕಗಳ ಸಂಖ್ಯೆಯ ವರ್ಗಮೂಲದಿಂದ ಮತ್ತೆ ಭಾಗಿಸಿ, 0.4748ರಿಂದ ಗುಣಿಸಬೇಕು, ಸಂಚಿತ ಸಂಭವನೀಯತೆಯಲ್ಲಿನ (ಮೊತ್ತವು ಒಂದು ಬೆಲೆಯಷ್ಟು ಅಥವಾ ಅದಕ್ಕಿಂತ ಕಡಿಮೆ ಇರುವ ಸಂಭವನೀಯತೆಯಲ್ಲಿನ) ತಪ್ಪು ಎಲ್ಲಿಯೂ ಇದನ್ನು ಮೀರುವುದಿಲ್ಲ. ಈ ಸ್ಥಿರಾಂಕವನ್ನು 0.4097ಕ್ಕಿಂತ ಕೆಳಗಿಳಿಸಲಾಗದೆಂದು ಎಸ್ಸೀನ್ ಅವರೇ 1956ರಲ್ಲಿ ತೋರಿಸಿದರು.

ನಾಣ್ಯವನ್ನು 100 ಬಾರಿ ಚಿಮ್ಮಿದರೆ ಈ ಮಿತಿ ಸುಮಾರು 0.047. ತಲೆ 50 ಅಥವಾ ಅದಕ್ಕಿಂತ ಕಡಿಮೆ ಬೀಳುವ ನಿಜವಾದ ಸಂಭವನೀಯತೆ 0.5398, ನಾರ್ಮಲ್ ಕೊಡುವುದು 0.5. ಅಂದರೆ ತಪ್ಪು ಹೆಚ್ಚುಕಡಿಮೆ 0.04, ಮಿತಿಗೆ ತೀರ ಹತ್ತಿರ. ಅದರಲ್ಲಿ ಬಹುಪಾಲು ಬರುವುದು ಪೂರ್ಣಾಂಕಗಳನ್ನು ನಯವಾದ ರೇಖೆಯಿಂದ ಅಳೆಯುವುದರಿಂದ. ಗಡಿಯನ್ನು ಅರ್ಧದಷ್ಟು ಸರಿಸುವ (50ರ ಬದಲು 50.5, 60ರ ಬದಲು 59.5 ಬಳಸುವ) ತಿದ್ದುಪಡಿಯನ್ನು ಪರೀಕ್ಷೆಯಲ್ಲಿ ಮರೆಯುವವರೇ ಹೆಚ್ಚು. ತಲೆ 60 ಅಥವಾ ಹೆಚ್ಚು ಬೀಳುವ ಸಂಭವನೀಯತೆ 0.0284 ಇದ್ದರೆ, ನಾರ್ಮಲ್ ತಿದ್ದುಪಡಿಯಿಲ್ಲದೆ 0.0228 ಎಂದೂ ತಿದ್ದುಪಡಿಯೊಡನೆ 0.0287 ಎಂದೂ ಕೊಡುತ್ತದೆ.

ಈಗ 1000 ಬಲ್ಬುಗಳಿವೆ, ಪ್ರತಿಯೊಂದೂ ಕೆಟ್ಟಿರುವ ಸಂಭವನೀಯತೆ 0.002 ಎನ್ನಿ. ಸಂಖ್ಯೆ 30ರ ಎಷ್ಟೋ ಪಟ್ಟು ಇದ್ದರೂ ಬೆರಿ–ಎಸ್ಸೀನ್ ಮಿತಿ 0.33ಕ್ಕೆ ಏರುತ್ತದೆ, ಅಂದರೆ ಉಪಯೋಗಕ್ಕೆ ಬಾರದು. ಏಳು ಅಥವಾ ಹೆಚ್ಚು ಬಲ್ಬುಗಳು ಕೆಟ್ಟಿರುವ ನಿಜವಾದ ಸಂಭವನೀಯತೆ ಸುಮಾರು 0.0045, ನಾರ್ಮಲ್, ತಿದ್ದುಪಡಿ ಮಾಡಿದ ಮೇಲೂ, 0.0007 ಎನ್ನುತ್ತದೆ. ಆರು ಪಟ್ಟು ವ್ಯತ್ಯಾಸವನ್ನು ಯಾವ ಕಾರ್ಖಾನೆಯೂ ಸಹಿಸದು.

ಇಲ್ಲಿ ಹೊಂದುವುದು ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಪ್ವಾಸಾನ್ ವಿತರಣೆ. ಅದು ಕೊಡುವ ಉತ್ತರವೂ 0.0045. ಸ್ವತಂತ್ರ ಘಟನೆಗಳ ಸಂಭವನೀಯತೆಗಳನ್ನು ವರ್ಗಮಾಡಿ ಕೂಡಿಸಿದರೆ ಬರುವ ಸಂಖ್ಯೆಯನ್ನು ಪ್ವಾಸಾನ್‌ನ ತಪ್ಪು ಮೀರದೆಂಬುದು ಲ ಕಾಮ್ ಅವರ 1960ರ ಅಸಮತೆಯಿಂದ ತಿಳಿಯುತ್ತದೆ, ಮತ್ತು ಇದಕ್ಕೆ ಎಲ್ಲ ಸಂಭವನೀಯತೆಗಳೂ ಸಮವಾಗಿರಬೇಕೆಂಬ ನಿರ್ಬಂಧವೂ ಇಲ್ಲ. ನಮ್ಮ ಬಲ್ಬುಗಳಿಗೆ ಅದು 0.004, ಬಾರ್ಬರ್ ಮತ್ತು ಹಾಲ್ 1984ರಲ್ಲಿ ಕೊಟ್ಟ ರೂಪದಲ್ಲಿ 0.0017ಕ್ಕೆ ಇಳಿಯುತ್ತದೆ.

ಆದರೂ ಒಂದು ಎಚ್ಚರಿಕೆ ಅಗತ್ಯ: ಇವೆಲ್ಲ ವ್ಯತ್ಯಾಸದ ಮಿತಿಗಳೇ ಹೊರತು ಅನುಪಾತದ ಮಿತಿಗಳಲ್ಲ. ಹತ್ತು ಬಲ್ಬುಗಳು ಕೆಟ್ಟಿರುವಂತಹ, ಮಿತಿಗಿಂತಲೂ ಚಿಕ್ಕದಾದ ಸಂಭವನೀಯತೆ ಬೇಕಾದಾಗ ಅವುಗಳನ್ನು ನೆಚ್ಚದೆ ದ್ವಿಪದ ಸೂತ್ರದಿಂದ ಕಂಪ್ಯೂಟರಿನಲ್ಲಿ ನೇರವಾಗಿ ಲೆಕ್ಕ ಹಾಕುವುದೇ ಸರಿ.