ದನ ಇಳಿದವು, ಹಾಲು ಏರಿತು: ಗಣತಿಯ ಲೆಕ್ಕ ಸುಳ್ಳೇ?

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಅನುಮಾನದ ಸುತ್ತ ಇವೆ. ಅದಕ್ಕೇ ನಾಲ್ಕನ್ನು ಆರಿಸಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಕೆಚ್ಚಲು ಬಾವಿನ ಬಗ್ಗೆ ಕೇಳಿದವರು ಮುಂದಿನ ವಾರದವರೆಗೆ ಕಾಯಬೇಕು. ಬಾವು ಈಗಲೇ ಇದ್ದರೆ ಮಾತ್ರ ಕಾಯಬೇಡಿ, ಇವತ್ತೇ ಡಾಕ್ಟರನ್ನು ಕರೆಸಿ.

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ನಮ್ಮೂರಲ್ಲಿ ಮನೆಗೆ ಆರೇಳು ದನ ಇದ್ದವು. ಈಗ ಅರ್ಧ ಕೊಟ್ಟಿಗೆಗಳಲ್ಲಿ ಬೈಕು ನಿಂತಿವೆ. ಆದರೂ ದೇಶದ ಹಾಲು ವರ್ಷ ವರ್ಷವೂ ದಾಖಲೆ ಮುರಿಯುತ್ತಿದೆ ಅಂತ ಸುದ್ದಿ ಬರುತ್ತದೆ. ದನವೇ ಇಲ್ಲದೆ ಹಾಲು ಎಲ್ಲಿಂದ ಬಂತು?
— ಮಂಡ್ಯ ಜಿಲ್ಲೆಯ ಓದುಗರು

ನೀವು ಕಣ್ಣಾರೆ ಕಂಡದ್ದೂ ನಿಜ, ಸುದ್ದಿಯೂ ನಿಜ. ನಮ್ಮ ರಾಜ್ಯದ್ದನ್ನೇ ನೋಡಿ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 95 ಲಕ್ಷ ದನಗಳಿದ್ದವು. 2019ರ ಹೊತ್ತಿಗೆ ಅವು 85 ಲಕ್ಷದ ಆಸುಪಾಸಿಗೆ ಇಳಿದವು. ಎಮ್ಮೆಗಳು ಸುಮಾರು 35 ಲಕ್ಷದಿಂದ 30 ಲಕ್ಷಕ್ಕೆ ಬಂದವು. ಇದೇ ರಾಜ್ಯದ ಹಾಲು ಮಹಾಮಂಡಳಕ್ಕೆ 2024ರ ಜೂನ್ ಕೊನೆಯಲ್ಲಿ ಒಂದೇ ದಿನ ಒಂದು ಕೋಟಿ ಲೀಟರ್ ದಾಟಿ ಹಾಲು ಬಂತು. ಲೆಕ್ಕ ತಪ್ಪಿಲ್ಲ, ‘ದನ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತಿದೆ.

ಆ ಆರೇಳು ದನ ಯಾವುವು, ಸ್ವಲ್ಪ ನೆನಪು ಮಾಡಿಕೊಳ್ಳಿ. ಉಳುವ ಒಂದು ಜೊತೆ ಎತ್ತು, ತಯಾರಾಗುತ್ತಿದ್ದ ಒಂದು ಹೋರಿ, ಮುದಿಯಾದ ಒಂದು ಹಸು, ಒಂದು ಕಡಸು, ಒಂದು ಎಮ್ಮೆ. ತಂಬಿಗೆ ಹಿಡಿದು ಕೂತರೆ ಹಾಲು ಸಿಗುತ್ತಿದ್ದದ್ದು ಒಂದರಲ್ಲೋ ಎರಡರಲ್ಲೋ, ಅದೂ ಕರುವಿಗೆ ಬಿಟ್ಟು ಉಳಿದದ್ದು. ಟ್ರ್ಯಾಕ್ಟರು, ಟಿಲ್ಲರು ಬಂದವು, ಎತ್ತು ಹೋದವು. ಕೊಟ್ಟಿಗೆ ಖಾಲಿಯಾದದ್ದು ಮುಖ್ಯವಾಗಿ ಆ ಕಡೆಯಿಂದ.

ದೇಶದ ಅಂಕಿ ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ. 2012ರಿಂದ 2019ಕ್ಕೆ ಭಾರತದ ದನಗಳ ಒಟ್ಟು ಸಂಖ್ಯೆ 19.09 ಕೋಟಿಯಿಂದ 19.25 ಕೋಟಿಗೆ ಬಂತು. ಶೇ 1ರಷ್ಟೂ ಏರಿಲ್ಲ, ಅಂದರೆ ನಿಂತಲ್ಲೇ ನಿಂತಿದೆ. ಒಳಗೆ ಇಣುಕಿದರೆ ಮಾತ್ರ ದೊಡ್ಡ ಅದಲು ಬದಲು ಕಾಣುತ್ತದೆ: ಹೆಣ್ಣು ದನಗಳು ಶೇ 18ರಷ್ಟು ಹೆಚ್ಚಾಗಿ 14.5 ಕೋಟಿ ದಾಟಿವೆ, ಗಂಡು ದನಗಳು ಶೇ 30ರಷ್ಟು ಕುಸಿದಿವೆ. ಸೀಮೆ ಹಸು, ಮಿಶ್ರತಳಿ ಸೇರಿ ಶೇ 27ರಷ್ಟು ಏರಿ 5 ಕೋಟಿ ದಾಟಿವೆ. ನಾಟಿ ದನ ಶೇ 6ರಷ್ಟು ಕಡಿಮೆಯಾಗಿವೆ. ಇಲ್ಲಿ ಒಂದು ಸೂಕ್ಷ್ಮ ಇದೆ, ನಾಟಿ ತಳಿಯ ಅಭಿಮಾನಿಗಳು ಗಮನಿಸಬೇಕು. ದೇಶದ ಮಟ್ಟದಲ್ಲಿ ನಾಟಿಯಲ್ಲೂ ಹೆಣ್ಣುಗಳು ಹೆಚ್ಚಾಗಿವೆ, ಕರಗಿದ್ದು ಗಂಡುಗಳು. ನಮ್ಮ ಹಳ್ಳಿಕಾರ್, ಅಮೃತಮಹಲ್‌ಗಳಿಗೆ ಪೆಟ್ಟು ಬಿದ್ದದ್ದೂ ಹೀಗೇ. ಅವು ಹಾಲಿನ ತಳಿಗಳಲ್ಲ, ದುಡಿಮೆಯ ತಳಿಗಳು. ದುಡಿಮೆ ಯಂತ್ರದ ಪಾಲಾಯಿತು.

ಆ ಅವಧಿಯಲ್ಲೇ ಹಾಲು 2012–13ರ 13.2 ಕೋಟಿ ಟನ್‌ನಿಂದ 2018–19ಕ್ಕೆ 18.8 ಕೋಟಿ ಟನ್‌ಗೆ ಏರಿತು. ಕರೆಯುವ ಹಸು, ಎಮ್ಮೆಗಳು ಹೆಚ್ಚಿದ್ದು ಶೇ 6ರಷ್ಟು ಮಾತ್ರ, ಹಾಲು ಹೆಚ್ಚಿದ್ದು ಶೇ 40ಕ್ಕೂ ಮಿಗಿಲು. ಈ ಅಂತರ ಎಲ್ಲಿಂದ ಬಂತು ಎನ್ನುವುದು ನಿಮ್ಮ ಪ್ರಶ್ನೆಯ ತಿರುಳು. ಅದನ್ನು ಮೇವಿನ ಬಾನಿಯ ಹತ್ತಿರ ನಿಂತು ನೋಡೋಣ.

ಹಸು ಮೊದಲು ತಿನ್ನುವುದು ತನ್ನ ಜೀವಕ್ಕೆ, ಆಮೇಲೆ ಹಾಲಿಗೆ. ಹಾಲು ಕೊಡಲಿ ಬಿಡಲಿ, ಮೈ ಕಾಯ್ದುಕೊಳ್ಳಲು ಹುಲ್ಲಿನ ಜೊತೆ ದಿನಕ್ಕೆ ಒಂದೂವರೆ ಕೆಜಿಯಷ್ಟು ಹಿಂಡಿ ಬೇಕು. ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಇದು ನಾವು ಕೊಟ್ಟಿಗೆಯಲ್ಲಿ ಬಳಸುವ ಸರಳ ಲೆಕ್ಕ. ನಾಲ್ಕು ನಾಲ್ಕು ಲೀಟರ್ ಕೊಡುವ ಮೂರು ಹಸುಗಳಿಂದ 12 ಲೀಟರ್ ಹಾಲು ಬೇಕಾದರೆ ಜೀವಕ್ಕೆ ನಾಲ್ಕೂವರೆ ಕೆಜಿ, ಹಾಲಿಗೆ ಸುಮಾರು ಐದು ಕೆಜಿ, ಒಟ್ಟು ಒಂಬತ್ತೂವರೆ ಹತ್ತಿರ. 12 ಲೀಟರ್ ಕೊಡುವ ಒಂದೇ ಹಸುವಿಗೆ ಆರೂವರೆ ಕೆಜಿ ಸಾಕು. ರಾಗಿ ಹುಲ್ಲಿನ ಖರ್ಚೂ ಮೂರು ಹೊಟ್ಟೆಯ ಬದಲು ಒಂದು ಹೊಟ್ಟೆಯದು. ಈ ಲೆಕ್ಕವನ್ನು ರೈತನಿಗೆ ಯಾರೂ ಕಲಿಸಬೇಕಾಗಲಿಲ್ಲ. ಬಣವೆ ಕರಗುವುದನ್ನು ನೋಡಿಯೇ ಅವನು ಮೂರು ಮಾರಿ ಒಂದು ಕಟ್ಟಿದ.

ಉಳಿದದ್ದು ಹಿನ್ನೆಲೆಯ ಕೆಲಸ. 1965ರಲ್ಲಿ ಆನಂದ್‌ನಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು. 1970ರಲ್ಲಿ ಶುರುವಾದ ‘ಆಪರೇಷನ್ ಫ್ಲಡ್’ ಎಂಬ ಕ್ಷೀರಕ್ರಾಂತಿ ಯೋಜನೆ 1996ರವರೆಗೆ ನಡೆದು, ಹಳ್ಳಿಯ ಹಾಲಿಗೆ ಪಟ್ಟಣದ ದಾರಿ ತೋರಿಸಿತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಜಾಡಿಯಲ್ಲಿ ಕೂತ ಕಾಲು ಮಿಲಿಲೀಟರ್‌ನ ವೀರ್ಯನಳಿಕೆ ಮನೆ ಬಾಗಿಲಿಗೆ ಬಂತು. ನನ್ನ ಅನುಭವದಲ್ಲಿ ಇವೆಲ್ಲಕ್ಕಿಂತ ದೊಡ್ಡದು ಊರಿನ ಡೈರಿ. ಎರಡು ಲೀಟರ್ ಹಾಲನ್ನೂ ಹೊತ್ತಿಗೆ ಸರಿಯಾಗಿ ಅಳೆದು, ಫ್ಯಾಟು ನೋಡಿ, ಬಟವಾಡೆ ಮಾಡುವ ಜಾಗ ಒಂದಿದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಯಾವ ತಳಿ ತಂದು ಕಟ್ಟಿದರೂ ಉಪಯೋಗವಿರಲಿಲ್ಲ.

ಎಮ್ಮೆಯನ್ನು ಮರೆತು ಮಾತಾಡುವುದು ನಮ್ಮ ಕಡೆಯವರ ಚಾಳಿ. ಸಂಖ್ಯೆಯಲ್ಲಿ ಅವು 11 ಕೋಟಿ ಮಾತ್ರ. ಆದರೆ ದೇಶದ ಹಾಲಿನಲ್ಲಿ ಅವುಗಳ ಪಾಲು ಬಹುಕಾಲ ಅರ್ಧದ ಆಸುಪಾಸಿನಲ್ಲೇ ಇತ್ತು. ಉತ್ತರ ಪ್ರದೇಶ ಹಾಲಿನಲ್ಲಿ ಮೊದಲ ಸ್ಥಾನದಲ್ಲಿ ನಿಂತಿರುವುದರ ಹಿಂದೆ ಎಮ್ಮೆಗಳಿವೆ.

ಪ್ರಶ್ನೆ: ಅಷ್ಟು ಕೋಟಿ ಟನ್ ಹಾಲನ್ನು ಅಳೆದವರು ಯಾರು? ನಮ್ಮ ಮನೆಗಂತೂ ಯಾರೂ ಬಂದಿಲ್ಲ. ಕಲಬೆರಕೆ ಹಾಲೂ ಈ ಲೆಕ್ಕದಲ್ಲಿ ಸೇರಿದೆಯೇ?
— ದಾವಣಗೆರೆಯ ಓದುಗರು

ಅನ್ನ ಬೆಂದಿದೆಯೇ ಎಂದು ಎಲ್ಲ ಅಗುಳನ್ನೂ ಹಿಸುಕಿ ನೋಡುವುದಿಲ್ಲವಲ್ಲ, ಹಾಗೆ. ವರ್ಷವನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರು ಭಾಗ ಮಾಡಿ, ಪ್ರತಿ ಭಾಗದಲ್ಲೂ ಆಯ್ದ ಹಳ್ಳಿಗಳ ಆಯ್ದ ಮನೆಗಳಿಗೆ ಇಲಾಖೆಯ ಸಿಬ್ಬಂದಿ ಹೋಗಿ ಕರೆದ ಹಾಲನ್ನು ತೂಗುತ್ತಾರೆ. ಮಿಶ್ರತಳಿ, ನಾಟಿ, ಎಮ್ಮೆ, ಮೇಕೆ ಎಲ್ಲಕ್ಕೂ ಬೇರೆ ಬೇರೆ ಸರಾಸರಿ. ಆ ಸರಾಸರಿಯನ್ನು ಹಾಲಿನಲ್ಲಿರುವ ಪ್ರಾಣಿಗಳ ಸಂಖ್ಯೆಯಿಂದಲೂ ದಿನಗಳಿಂದಲೂ ಗುಣಿಸಿದರೆ ರಾಜ್ಯದ ಅಂದಾಜು ಸಿಗುತ್ತದೆ.

ತೂಗುವುದು ಕೆಚ್ಚಲ ಬಳಿ. ಹಾಗಾಗಿ ಆಮೇಲೆ ಯಾರೋ ಬೆರೆಸಿದ ನೀರು ಈ ಲೆಕ್ಕಕ್ಕೆ ಬರುವುದಿಲ್ಲ. ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. ಸರಾಸರಿ ಪ್ರತಿವರ್ಷ ಹೊಸದು, ಪ್ರಾಣಿಗಳ ಸಂಖ್ಯೆ ಮಾತ್ರ ಹಳೆಯ ಗಣತಿಯ ಆಧಾರದ ಅಂದಾಜು. 2019ರ ನಂತರದ 21ನೇ ಗಣತಿ ಶುರುವಾದದ್ದು 2024ರ ಅಕ್ಟೋಬರ್ 25ಕ್ಕೆ. ಮಧ್ಯದಲ್ಲಿ 2022ರ ಚರ್ಮಗಂಟು ರೋಗ ಎಷ್ಟು ಕೊಟ್ಟಿಗೆಗಳನ್ನು ಬರಿದು ಮಾಡಿತು ಎಂಬುದು ಕ್ಷೇತ್ರದಲ್ಲಿದ್ದ ನಮಗೆ ಗೊತ್ತು. ಹೊಸ ಗಣತಿ ಆಧರಿಸಿದ ಲೆಕ್ಕ ಕೈಗೆ ಬಂದಾಗ ಹಳೆಯ ಕೆಲವು ಅಂದಾಜುಗಳನ್ನು ತಿದ್ದಬೇಕಾಗಿ ಬಂದರೆ ನಾನಂತೂ ಹುಬ್ಬೇರಿಸುವುದಿಲ್ಲ.

ಇನ್ನೊಂದು ವಿಷಯ. 2023–24ರ ಒಟ್ಟು 23.93 ಕೋಟಿ ಟನ್, ತಲೆಗೆ ದಿನಕ್ಕೆ 471 ಗ್ರಾಂ. ಇದನ್ನು ಓದಿ ‘ನಮ್ಮ ಮನೆಯಲ್ಲಿ ಅಷ್ಟು ಕುಡಿಯುವವರು ಯಾರು’ ಎಂದು ಒಬ್ಬರು ಬರೆದಿದ್ದಾರೆ. ಅದು ದೇಶದ ಹಾಲನ್ನು ತಲೆಯ ಲೆಕ್ಕಕ್ಕೆ ಹಂಚಿದ ಸಂಖ್ಯೆ, ಲೋಟದ ಲೆಕ್ಕವಲ್ಲ. ಮೊಸರು, ತುಪ್ಪ, ಪೇಡ, ಹೋಟೆಲಿನ ಕಾಫಿ ಎಲ್ಲವೂ ಅದರಲ್ಲೇ ಇವೆ. ಹೆಚ್ಚುಕಮ್ಮಿ ಅರ್ಧ ಹಾಲು ಡೈರಿಯ ಮುಖವನ್ನೇ ನೋಡದೆ ಸಾಕಿದವರ ಮನೆಯಲ್ಲೋ ಅದೇ ಊರಲ್ಲೋ ಮುಗಿದುಹೋಗುತ್ತದೆ.

ಪ್ರಶ್ನೆ: ನಾನಿರುವ ಅಮೆರಿಕದಲ್ಲಿ ಹಸುಗಳು ಒಂದು ಕೋಟಿಯೂ ಇಲ್ಲ, ಹಾಲಿನ ಹೊಳೆಯೇ ಇದೆ. ನಾವು 12 ಕೋಟಿ ಕಟ್ಟಿಕೊಂಡು ಒದ್ದಾಡುವುದೇಕೆ?
— ನ್ಯೂಜೆರ್ಸಿಯಲ್ಲಿ ನೆಲೆಸಿರುವ ಓದುಗರು

ಅಂಕಿ ಸರಿ. ಅಲ್ಲಿ 1944ರಲ್ಲಿ 2.56 ಕೋಟಿ ಹಸುಗಳು 5.3 ಕೋಟಿ ಟನ್ ಹಾಲು ಕೊಡುತ್ತಿದ್ದವು. ಈಗ 94 ಲಕ್ಷದಷ್ಟು ಹಸುಗಳು ಸುಮಾರು 10.2 ಕೋಟಿ ಟನ್ ಕೊಡುತ್ತವೆ. ಒಂದೊಂದು ಹಸು ವರ್ಷಕ್ಕೆ 11 ಸಾವಿರ ಕೆಜಿಯ ಹತ್ತಿರ. ನಮ್ಮದು 2019ರ ಗಣತಿಯ ಕರೆಯುವ ಪ್ರಾಣಿಗಳ ಮೇಲೆ ಹಂಚಿದರೆ ಸರಾಸರಿ ಒಂದೂವರೆ ಸಾವಿರ ಕೆಜಿ. ಏಳು ಪಟ್ಟು ವ್ಯತ್ಯಾಸ ಎಂದು ನಾಚಿಕೊಳ್ಳುವ ಮುನ್ನ ಇನ್ನೊಂದು ಅಂಕಿ ನೋಡಿ. ಅಲ್ಲಿ 1992ರಲ್ಲಿ 1.31 ಲಕ್ಷ ಡೈರಿ ಫಾರ್ಮುಗಳಿದ್ದವು. ಮೂವತ್ತು ವರ್ಷದಲ್ಲಿ 30 ಸಾವಿರಕ್ಕಿಂತ ಕೆಳಗೆ ಬಂದವು. ಹಸುಗಳ ಸಂಖ್ಯೆ ಹೆಚ್ಚೇನೂ ಬದಲಾಗಲಿಲ್ಲ, ಸಾಕುವವರು ನಾಲ್ಕರಲ್ಲಿ ಮೂರು ಮಂದಿ ಮನೆಗೆ ಹೋದರು.

ಆ ಹಸು ತಿನ್ನುವುದು ಮೆಕ್ಕೆಜೋಳದ ರಸಮೇವು, ಕುದುರೆ ಮಸಾಲೆ ಸೊಪ್ಪು, ಸೋಯಾ ಹಿಂಡಿ. ಅದಕ್ಕಾಗಿಯೇ ಬೆಳೆದ ಹೊಲ ಇದೆ. ಮೂರನೆಯ ಕರುವಿನ ಆಚೀಚೆ ಅದನ್ನು ಹಿಂಡಿನಿಂದ ತೆಗೆಯುತ್ತಾರೆ. ನಮ್ಮ ಎಮ್ಮೆ ಭತ್ತದ ಹುಲ್ಲು, ಕಬ್ಬಿನ ಸೋಗೆ, ಬದುವಿನ ಗರಿಕೆ ತಿಂದು ಹಾಲು ಮಾಡುತ್ತದೆ. ಮನುಷ್ಯ ತಿನ್ನಲಾಗದ್ದನ್ನು ತಿಂದು ಆರು ಲೀಟರ್ ಕೊಡುವ ಪ್ರಾಣಿಯನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೈನನ್ನು ನೆಚ್ಚಿಕೊಂಡ ಎಂಟು ಕೋಟಿ ರೈತರಿರುವ ದೇಶ ಹಸುಗಳನ್ನು ಕಡಿಮೆ ಮಾಡುವ ದಾರಿಯನ್ನು ಆ ಕಡೆಯಿಂದ ಎತ್ತಿಕೊಂಡು ಬರಲಾಗದು. ಬತ್ತಿದ ಹಸು, ಗಂಡು ಕರುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಇಲ್ಲಿ ಬೇರೆಯೇ. ಶೇ 90ರಷ್ಟು ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತಿರುವುದರಿಂದ ಆ ಭಾರ ಒಂದಿಷ್ಟು ಇಳಿದೀತು.

ಹಾಗೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಹಾಲಿನ ಬೆಳವಣಿಗೆ 2018–19ರಲ್ಲಿ ಶೇ 6.47 ಇದ್ದದ್ದು 2023–24ರಲ್ಲಿ ಶೇ 3.78ಕ್ಕೆ ಇಳಿದಿದೆ. ಎತ್ತು ಬಿಟ್ಟು ಹಸು ಕಟ್ಟಿದ್ದರಿಂದ ಸಿಗಬೇಕಾದ ಲಾಭದ ಬಹುಪಾಲು ಸಿಕ್ಕಾಗಿದೆ. ಇನ್ನು ಮುಂದಿನದು ಮೇವಿನಿಂದ, ಮತ್ತು ಕೆಳಗಿನ ಪತ್ರದಲ್ಲಿರುವಂಥ ಸಂಗತಿಗಳಿಂದ ಬರಬೇಕು.

ಪ್ರಶ್ನೆ: ನಮ್ಮಲ್ಲಿ ನಾಲ್ಕು ಸೀಮೆ ಹಸು ಇವೆ. ಎರಡು ಕರೆಯುತ್ತಿವೆ, ಹತ್ತು ಹತ್ತು ಲೀಟರ್. ಒಂದು ತುಂಬು ಗಬ್ಬ. ಇನ್ನೊಂದು ಐದು ತಿಂಗಳಿಂದ ಗಬ್ಬವೂ ಇಲ್ಲ, ಹಾಲೂ ಇಲ್ಲ. ಬಟವಾಡೆ ಹಿಂಡಿಗೇ ಸರಿಹೋಗುತ್ತಿದೆ. ಸಾಲ ಮಾಡಿ ಇನ್ನೆರಡು ಹಸು ತರೋಣ ಅನ್ನುತ್ತಾರೆ ಮನೆಯವರು. ತರಬಹುದಾ ಸಾರ್?
— ಕೋಲಾರ ಜಿಲ್ಲೆಯ ಓದುಗರು

ಬೇಡ ತಾಯಿ. ಈಗ ತರಬೇಡಿ.

ನೀವು ಹತ್ತು ಲೀಟರಿನ ಹಸು ಸಾಕುತ್ತಿದ್ದೀರಿ ಅಂದುಕೊಂಡಿದ್ದೀರಿ. ನಾಲ್ಕು ಹೊಟ್ಟೆಗೆ ಹಾಕಿ 20 ಲೀಟರ್ ಕರೆಯುತ್ತಿರುವುದರಿಂದ ಅದು ಐದು ಲೀಟರಿನ ಹಸು. ಕರು ಹಾಕಿದ 13 ತಿಂಗಳಿಗೆ ಮತ್ತೊಂದು ಕರು ಹಾಕಿದರೆ ಸುಮಾರು 395 ದಿನದಲ್ಲಿ 300 ದಿನವಾದರೂ ಹಾಲಿರುತ್ತದೆ. ಅಂದರೆ ನಾಲ್ಕರಲ್ಲಿ ಮೂರು ಯಾವಾಗಲೂ ಕರೆಯುತ್ತಿರಬೇಕು. ಒಂದು ಇಳಿಹಾಲಿನಲ್ಲಿದ್ದರೂ ಡೈರಿಗೆ 26ರಿಂದ 28 ಲೀಟರ್ ಹೋಗಬೇಕು. ಸಾಲವಿಲ್ಲದೆ, ಹೊಸ ಬಾನಿ ಕಟ್ಟದೆ ಸಿಗುವ ಆರರಿಂದ ಎಂಟು ಲೀಟರ್ ಅದು. ಹೊಸ ಎರಡನ್ನು ತಂದು ಅವಕ್ಕೂ ಇದೇ ಗತಿ ಆದರೆ ಕಟ್ಟಿದ ದನ ಆರು, ಕಂತಿನ ಜೊತೆ ಹಿಂಡಿಯ ಬಾಕಿಯೂ ಸೇರುತ್ತದೆ.

ಹಾಗಾಗಿ ಮೊದಲು ಆ ನಾಲ್ಕನೆಯದರ ಹತ್ತಿರ ಹೋಗಿ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಇರುವುದು ಒಂದು ಹಗಲೋ ಒಂದು ರಾತ್ರಿಯೋ. ಸೀಮೆ ಹಸು ಕಟ್ಟಿದಲ್ಲೇ ಇರುವುದರಿಂದ ಗದ್ದಲ ಮಾಡದೆಯೂ ಬೆದೆ ಮುಗಿಸಿಬಿಡುತ್ತದೆ. ಬೆಳಗ್ಗೆ ಐದಕ್ಕೆ ಸಗಣಿ ಬಾಚುವ ಮುಂಚೆ, ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಬಾಲದ ಕೆಳಗೆ ನೋಡಿ. ಗಾಜಿನಂತೆ ತಿಳಿಯಾದ ಲೋಳೆ ನೇತಾಡುತ್ತಿದ್ದರೆ ಬೆದೆ. ಅದು ಬಿಳಿಯೋ ಹಳದಿಯೋ ಆಗಿದ್ದರೆ ಗರ್ಭಕೋಶದಲ್ಲಿ ಕೀವು ಇರಬಹುದು. ಆಗ ಸೆಮೆನ್ ಹಾಕಿಸಬೇಡಿ, ಚಿಕಿತ್ಸೆ ಮಾಡಿಸಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆ ಬೆಳಗ್ಗೆ ಹಾಕಿಸಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ಇರಲಿ. ‘ಹಾಲಿಲ್ಲದ ಹಸುವಿಗೆ ಅದೇಕೆ’ ಎಂದು ನಿಲ್ಲಿಸಿದ್ದೀರೇನೋ ಅನ್ನುವುದು ನನ್ನ ಗುಮಾನಿ. ಬಹಳ ಮನೆಗಳಲ್ಲಿ ಇದೇ ನಡೆಯುತ್ತದೆ.

ಕರೆಯುತ್ತಿರುವ ಎರಡನ್ನೂ ಕರು ಹಾಕಿ ಎರಡರಿಂದ ಮೂರು ತಿಂಗಳ ಒಳಗೆ ಹಾಕಿಸಿ, ಹಾಲು ಇಳಿಯುವವರೆಗೆ ಕಾಯಬೇಡಿ. ತುಂಬು ಗಬ್ಬದ್ದಕ್ಕೆ ಹೆರಿಗೆಗೆ ಮುಂಚೆ ಎರಡು ತಿಂಗಳು ಹಾಲು ಬಿಡಿಸಿರುವಿರಿ ಎಂದುಕೊಳ್ಳುತ್ತೇನೆ. ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿ, ಪ್ರತಿ ಹಸುವಿನ ಬೆದೆ ಬಂದ ದಿನ, ಹಾಕಿಸಿದ ದಿನ ಗುರುತು ಮಾಡಿ. ಎರಡು ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ.

ಮೂರು ಸಲ ಹಾಕಿಸಿಯೂ ಆ ಹಸು ನಿಲ್ಲದಿದ್ದರೆ ನನಗೆ ಮತ್ತೆ ಬರೆಯಿರಿ. ಬರೆಯುವಾಗ ಅದು ಕೊನೆಯ ಕರು ಹಾಕಿದ ತಾರೀಖು ಮತ್ತು ಆಗ ಮಾಸು ತಾನಾಗಿ ಬಿತ್ತೋ, ಕೈ ಹಾಕಿ ತೆಗೆಸಿದಿರೋ, ಅದನ್ನು ತಪ್ಪದೆ ತಿಳಿಸಿ.