ಕಟಾಫ್ ನೋಡುವ ಮೊದಲು ಹುಡುಗ ಯಾವ ಪಾಳಿಯಲ್ಲಿ ನಿಂತಿದ್ದಾನೆ ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗ ಕಲಬುರಗಿಯಲ್ಲಿ ಸೆಕೆಂಡ್ ಪಿಯು ಸೈನ್ಸ್. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 602. ಫಸ್ಟ್ ಪಿಯುನಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಮೂರೂ ಸೇರಿ 300ಕ್ಕೆ 270. ಏಳನೇ ತರಗತಿವರೆಗೆ ಚಿತ್ತಾಪುರ ತಾಲ್ಲೂಕಿನ ಹಳ್ಳಿ ಶಾಲೆ, ಎಂಟರಿಂದ ಹತ್ತು ಕಲಬುರಗಿ ಶಹರದಲ್ಲಿ, ಪೂರ್ತಿ ಕನ್ನಡ ಮಾಧ್ಯಮ. ಮಾಕ್ ಟೆಸ್ಟಿನಲ್ಲಿ ಜೆಇಇ ಮೇನ್‌ಗೆ 300ಕ್ಕೆ 90, ಸಿಇಟಿಗೆ 180ಕ್ಕೆ 105. ಐಐಟಿ, ಸುರತ್ಕಲ್ ಎನ್‌ಐಟಿ, ಬೆಂಗಳೂರಿನ ಆರ್‌ವಿ ಕಾಲೇಜಿನ ಕಂಪ್ಯೂಟರ್ ಸೈನ್ಸ್, ಇವುಗಳಲ್ಲಿ ಯಾವುದಕ್ಕೆ ಎಷ್ಟು ಪರ್ಸೆಂಟ್ ಚಾನ್ಸ್ ಇದೆ ಅಂತ ಕೇಳಿದ್ದೀರಿ. ಬಯಾಲಜಿಯೂ ಇದೆ, ಮೆಡಿಕಲ್ ಆದರೂ ಸರಿ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ.

ನಾನು ಇಲ್ಲೇ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ರಿಸಲ್ಟ್ ಬಂದ ಮೇಲೆ ಒಂದು ತಿಂಗಳು ನಮ್ಮ ಮನೆಯ ಪಡಸಾಲೆ ತುಂಬ ಅಪ್ಪ, ಅಮ್ಮ, ಮಾವಂದಿರು, ಮಧ್ಯದಲ್ಲಿ ಒಂದು ಲ್ಯಾಪ್‌ಟಾಪ್. ಅಲ್ಲಿ ನೋಡಿದ್ದನ್ನೇ ಹೇಳುತ್ತೇನೆ. ಪರ್ಸೆಂಟ್ ಲೆಕ್ಕದಲ್ಲಿ ಚಾನ್ಸ್ ಹೇಳಲು ಮಾತ್ರ ನನಗೆ ಬರುವುದಿಲ್ಲ. ಹೇಳುವವರು ಇದ್ದಾರೆ, ಫೀಸು ಕಟ್ಟಿಸಿಕೊಳ್ಳುವ ದಿನ ‘ನಿಮ್ಮ ಹುಡುಗ ಪಕ್ಕಾ ಐಐಟಿ ರೀ’ ಅನ್ನುವವರು.

ಗಾಣಗಾಪುರಕ್ಕೆ ಹುಣ್ಣಿಮೆ ದಿನ ಹೋಗಿರುತ್ತೀರಿ. ಊರಿಗೆ ಎಷ್ಟು ಜನ ಬಂದಿದ್ದಾರೆ ಅಂತ ಎಣಿಸಿದರೆ ದರ್ಶನ ಯಾವಾಗ ಆಗುತ್ತದೆ ಅಂತ ಗೊತ್ತಾಗುವುದಿಲ್ಲ. ನೀವು ನಿಂತ ಪಾಳಿಯಲ್ಲಿ ನಿಮ್ಮ ಮುಂದೆ ಎಷ್ಟು ಜನ ಅಂತ ನೋಡಬೇಕು. ಸೀಟಿನ ಲೆಕ್ಕವೂ ಹಾಗೇ. ನಿಮ್ಮ ಮಗ ಒಂದೇ ಸಲಕ್ಕೆ ಮೂರು ನಾಲ್ಕು ಪಾಳಿಯಲ್ಲಿ ನಿಂತಿದ್ದಾನೆ. ನೀವು ಎಲ್ಲವನ್ನೂ ಕಲಸಿ ಕೇಳುತ್ತಿದ್ದೀರಿ.

ಮೊದಲು ಆ 602 ಅನ್ನು ಪಕ್ಕಕ್ಕಿಡಿ. ಒಳ್ಳೆಯ ಅಂಕವೇ. ಆದರೆ ಸಿಇಟಿ ರ‍್ಯಾಂಕಿಗೂ ಜೆಇಇ ರ‍್ಯಾಂಕಿಗೂ ಅದು ಲೆಕ್ಕಕ್ಕಿಲ್ಲ. ಫಸ್ಟ್ ಪಿಯು ಅಂಕವೂ ಅಷ್ಟೇ, ಅಂದಾಜಿಗೆ ಮಾತ್ರ ಬೇಕು.

ಈಗ ಜೆಇಇ ಪಾಳಿ. ಇಲ್ಲಿ ಬಹಳ ಜನ ತಪ್ಪು ತಿಳಿಯುವುದು ಪರ್ಸೆಂಟೈಲ್ ವಿಷಯದಲ್ಲಿ. 90 ಪರ್ಸೆಂಟೈಲ್ ಬಂತು ಅಂದರೆ 100ಕ್ಕೆ 90 ತೆಗೆದಷ್ಟೇ ಖುಷಿ. 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಜಾಸ್ತಿ. 90 ಪರ್ಸೆಂಟೈಲ್ ಅಂದರೆ ನಿಮ್ಮ ಹುಡುಗನ ಮುಂದೆ ಸುಮಾರು 1 ಲಕ್ಷ 40 ಸಾವಿರ ಮಂದಿ. 99 ಬಂದರೂ ಮುಂದೆ 14 ಸಾವಿರ ಮಂದಿ ಇರುತ್ತಾರೆ. ಈಚಿನ ವರ್ಷಗಳಲ್ಲಿ 300ಕ್ಕೆ 90 ತೆಗೆದವರು ಆ 90 ಪರ್ಸೆಂಟೈಲಿನ ಆಸುಪಾಸಿನಲ್ಲೇ ಇದ್ದಾರೆ.

ಐಐಟಿಗೆ ಇದರ ಮೇಲೆ ಜೆಇಇ ಅಡ್ವಾನ್ಸ್ಡ್ ಬರೆಯಬೇಕು. ಮೇನ್‌ನಲ್ಲಿ ಮುಂದಿರುವ ಎರಡೂವರೆ ಲಕ್ಷ ಮಂದಿಗೆ ಮಾತ್ರ ಅದಕ್ಕೆ ಅವಕಾಶ, ಅದೂ ಒಂದೊಂದು ಜಾತಿ ವರ್ಗಕ್ಕೆ ಬೇರೆ ಬೇರೆ ಗೆರೆ ಹಾಕಿ. 2024ರಲ್ಲಿ ಜನರಲ್‌ನವರಿಗೆ ಅದರ ಗೆರೆ 93.2 ಪರ್ಸೆಂಟೈಲಿಗೆ ಬಿತ್ತು. ಒಬಿಸಿ ನಾನ್ ಕ್ರೀಮಿ ಲೇಯರ್‌ನವರಿಗೆ 79.6 ಚಿಲ್ಲರೆ. ಅದೇ 90 ಅಂಕದಲ್ಲಿ ಒಬ್ಬ ಹೊರಗೆ, ಇನ್ನೊಬ್ಬ ಒಳಗೆ. ನಿಮ್ಮ ಜಾತಿ ವರ್ಗ ಬರೆಯದೆ ‘ಚಾನ್ಸ್ ಎಷ್ಟು’ ಅಂತ ಕೇಳಿದರೆ ನಾನು ಹೇಗೆ ಹೇಳಲಿ?

ಇಲ್ಲಿ ನಮ್ಮ ಭಾಗದವರು ಎಡವುವ ಇನ್ನೊಂದು ಜಾಗ ಇದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಮಗೆ 3ಬಿ ಇದೆ, 2ಎ ಇದೆ, ಹಾಗಾಗಿ ಜೆಇಇಯಲ್ಲೂ ಒಬಿಸಿ ಅಂತ ಅಂದುಕೊಳ್ಳುತ್ತಾರೆ. ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ 3ಬಿ ಇರುವ ಎಷ್ಟೋ ಮನೆಯವರು ಅಲ್ಲಿ ಜನರಲ್. ಅಂಥವರು ಆದಾಯ, ಆಸ್ತಿ ಕಡಿಮೆ ಇದ್ದರೆ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಕೋಟಾ) ನೋಡಬೇಕು. ತಹಶೀಲ್ ಆಫೀಸಿನಿಂದ ರಾಜ್ಯದ ಜಾತಿ ಪ್ರಮಾಣಪತ್ರ ತಂದು ಅದನ್ನೇ ಜೆಇಇಗೆ ಹಚ್ಚುತ್ತೇನೆ ಅಂದರೆ ನಡೆಯುವುದಿಲ್ಲ. ಕೇಂದ್ರದ ನಮೂನೆಯಲ್ಲೇ ಬೇಕು.

ಅಡ್ವಾನ್ಸ್ಡ್‌ಗೆ ಅರ್ಹತೆ ಬಂದರೆ ಸೀಟು ಬಂದಂತಲ್ಲ. ಎರಡೂವರೆ ಲಕ್ಷ ಮಂದಿಗೆ 23 ಐಐಟಿಗಳಲ್ಲಿ ಇರುವುದು ಸುಮಾರು 18 ಸಾವಿರ ಸೀಟು. ಈಗಿನ ಮಾಕ್ ಅಂಕಕ್ಕೆ ಐಐಟಿ ಇಲ್ಲ ಅಂತಲೇ ಹೇಳಬೇಕು. ಸುರತ್ಕಲ್‌ನಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಅಂತ ಇದೆ, ಅದೊಂದು ಅನುಕೂಲ. ಆದರೂ ಅಲ್ಲಿ ಕಂಪ್ಯೂಟರ್ ಸೈನ್ಸ್ ಕೆಲವೇ ಸಾವಿರದ ರ‍್ಯಾಂಕಿಗೆ ಮುಗಿದು ಹೋಗುತ್ತದೆ. 1 ಲಕ್ಷ 40 ಸಾವಿರದಿಂದ ಅಲ್ಲಿಗೆ ಬರಬೇಕಾದರೆ ಮಾಕ್ ಅಂಕ ಹೆಚ್ಚು ಕಡಿಮೆ ಎರಡು ಪಟ್ಟು ಆಗಬೇಕು. ಡಿಸೆಂಬರ್ ಹೊತ್ತಿಗೆ 150 ಮುಟ್ಟದಿದ್ದರೆ ಜೆಇಇ ಅನುಭವಕ್ಕೆ ಬರೆಯಲಿ, ಓದಿನ ಭಾರ ಸಿಇಟಿ ಮೇಲೆ ಇರಲಿ. ಇದು ನನ್ನ ಅಭಿಪ್ರಾಯ, ಕೋಚಿಂಗಿನವರು ಒಪ್ಪಲಿಕ್ಕಿಲ್ಲ.

ರಾಯಚೂರಿನ ಟ್ರಿಪಲ್ ಐಟಿ ಪಕ್ಕದಲ್ಲೇ ಇದೆ, ನಮಗೆ ಕೋಟಾ ಇರಬೇಕಲ್ವಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇಲ್ಲ. ಅದು ಪೂರ್ತಿ ಅಖಿಲ ಭಾರತದ ಪಾಳಿ. ಕಲಬುರಗಿ ಹುಡುಗನೂ ಕಾನ್ಪುರದ ಹುಡುಗನೂ ಅಲ್ಲಿ ಒಂದೇ.

ಇನ್ನು ಸಿಇಟಿ. ನಿಮ್ಮ ಮಗನಿಗೆ ನಿಜವಾದ ಆಟ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಕೂತು ಓದಿ.

ಎಂಜಿನಿಯರಿಂಗ್ ರ‍್ಯಾಂಕಿಗೆ ಸೆಕೆಂಡ್ ಪಿಯು ಬೋರ್ಡಿನ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡಿನಲ್ಲೂ 270 ಬರುತ್ತದೆ ಅಂತ ಇಟ್ಟುಕೊಳ್ಳಿ. ಅದು 90%, ಅರ್ಧ ಮಾಡಿದರೆ 45. ಸಿಇಟಿಯಲ್ಲಿ 105 ಅಂದರೆ 58.3%, ಅರ್ಧ 29.2. ಒಟ್ಟು 74.2. ಈಗ ಎರಡು ದಾರಿ ನೋಡಿ. ಬೋರ್ಡಿನಲ್ಲಿ ಹಗಲು ರಾತ್ರಿ ಓದಿ 270ನ್ನು 285 ಮಾಡಿದರೆ ಸಿಗುವುದು ಎರಡೂವರೆ ಅಂಕ. ಸಿಇಟಿಯಲ್ಲಿ 105ನ್ನು 130 ಮಾಡಿದರೆ ಸಿಗುವುದು ಸುಮಾರು ಏಳು. ಬೋರ್ಡಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿಗೆ ತಲಾ 30 ಅಂಕ ಪ್ರಾಕ್ಟಿಕಲ್, ಗಣಿತಕ್ಕೆ 20 ಇಂಟರ್ನಲ್. ಅಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಬೀಳುತ್ತದೆ. ಹಾಗಾಗಿ ಬೋರ್ಡಿನಲ್ಲಿ ಎಲ್ಲರೂ ಒಂದೇ ಕಡೆ ಗುಂಪು ಕಟ್ಟಿರುತ್ತಾರೆ. ಮೇಲೆ ಕೆಳಗೆ ಮಾಡುವುದು ಸಿಇಟಿ. ಅಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ, ಪ್ರತಿ ವಿಷಯಕ್ಕೂ 80 ನಿಮಿಷಕ್ಕೆ 60 ಪ್ರಶ್ನೆ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಮಂದಿ ಸೋಲುವುದು ವೇಗದಲ್ಲಿ. ಲೆಕ್ಕ ಬರುತ್ತದೆ, ಆದರೆ ಬೋರ್ಡ್ ಪರೀಕ್ಷೆಯಂತೆ ಹಂತ ಹಂತವಾಗಿ ಬರೆಯುತ್ತಾ ಕೂರುತ್ತಾರೆ.

ಆರ್‌ವಿ ಕಂಪ್ಯೂಟರ್ ಸೈನ್ಸ್ ಜನರಲ್ ಮೆರಿಟ್‌ನಲ್ಲಿ ಕೆಲವು ನೂರರ ರ‍್ಯಾಂಕಿಗೇ ಮುಗಿಯುತ್ತದೆ. 74ರ ಹತ್ತಿರ ಇರುವವರಿಗೆ ಆ ಪಾಳಿ ಬಹಳ ದೂರ. ಆದರೆ ನಿಮ್ಮ ಮಗ ಆ ಪಾಳಿಯಲ್ಲಿ ಮಾತ್ರ ನಿಂತಿಲ್ಲವಲ್ಲ.

2012ರ ತಿದ್ದುಪಡಿಯಿಂದ ಬಂದ ಸಂವಿಧಾನದ 371ಜೆ ವಿಧಿ ನಮಗೆ ಏನು ಕೊಟ್ಟಿದೆ ಅಂತ ನಮ್ಮವರಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರ, ಇಲ್ಲಿನ ಕಾಲೇಜುಗಳಲ್ಲಿ 70% ಸೀಟು ನಮ್ಮವರಿಗೆ. ರಾಜ್ಯದ ಉಳಿದ ಕಡೆ, ಬೆಂಗಳೂರೂ ಸೇರಿ, 8%. ಸಿಇಟಿ ಕಟಾಫ್ ಪಟ್ಟಿಯಲ್ಲಿ ಎಚ್‌ಕೆ (ಹೈದರಾಬಾದ್ ಕರ್ನಾಟಕ) ಅಂತ ಬೇರೆ ಪಟ್ಟಿಯೇ ಬರುತ್ತದೆ. ನಮ್ಮ ಪಾಲಕರು ಮೊಬೈಲಿನಲ್ಲಿ ಯಾರೋ ಕಳಿಸಿದ ಜಿಎಂ (ಜನರಲ್ ಮೆರಿಟ್) ಪಟ್ಟಿ ನೋಡಿ ‘ಆಗೂದಿಲ್ಲ ಬಿಡ್ರಿ’ ಅಂತ ಕೈಚೆಲ್ಲುತ್ತಾರೆ. ಎಚ್‌ಕೆ ಪಟ್ಟಿಯಲ್ಲಿ ಕೊನೆಯ ರ‍್ಯಾಂಕ್ ಸಾಮಾನ್ಯವಾಗಿ ಜಿಎಂಗಿಂತ ಎಷ್ಟೋ ಹಿಂದೆ ಇರುತ್ತದೆ. ಮಗ ಕನ್ನಡ ಮಾಧ್ಯಮದವನಾದ್ದರಿಂದ ಅದರ 5% ಕೋಟಾವೂ ಇದೆ.

ಗ್ರಾಮೀಣ ಕೋಟಾ ಮಾತ್ರ ಮರೆತುಬಿಡಿ. ಅದಕ್ಕೆ ಒಂದರಿಂದ ಹತ್ತು, ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಎಂಟನೇ ತರಗತಿಗೆ ಶಹರಕ್ಕೆ ಕರೆತಂದಿರಿ, ಅಲ್ಲಿಗೆ ಅದು ಹೋಯಿತು. ಒಳ್ಳೆಯದಕ್ಕೇ ಮಾಡಿದ್ದು, ಬೇಜಾರು ಮಾಡಿಕೊಳ್ಳಬೇಡಿ. ಕಿರಿಯ ಮಕ್ಕಳಿದ್ದರೆ ಈ ಮಾತು ತಲೆಯಲ್ಲಿರಲಿ.

ಎಚ್‌ಕೆ ಪಟ್ಟಿ ನೋಡುವಾಗ ಒಂದು ಎಚ್ಚರ ಬೇಕು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಒಂದು ಬ್ರ್ಯಾಂಚಿಗೆ ಸಿಇಟಿಯಿಂದ 60 ಸೀಟು ತುಂಬುತ್ತಾರೆ ಅಂದುಕೊಳ್ಳಿ. ಅದರ 8% ಅಂದರೆ ಐದೇ ಸೀಟು. ಆ ಐದರಲ್ಲೂ ಮತ್ತೆ ಎಸ್‌ಸಿ, ಎಸ್‌ಟಿ, ಪ್ರವರ್ಗ 1, 2ಎ, 3ಬಿ ಅಂತ ಹಂಚಿಕೆ. ಜನರಲ್‌ಗೆ ಉಳಿಯುವುದು ಎರಡೋ ಮೂರೋ. ಇಷ್ಟು ಸಣ್ಣ ಪಾಳಿಯಲ್ಲಿ ಒಬ್ಬ ಹುಡುಗ ಜೆಇಇ ಸೀಟು ಸಿಕ್ಕಿ ಹೋದರೂ ಕಟಾಫ್ ಸಾವಿರಗಟ್ಟಲೆ ಹಿಂದೆ ಸರಿಯುತ್ತದೆ. ಮರುವರ್ಷ ಬೀದರಿನ ಇಬ್ಬರು ಜಾಣರು ಅದೇ ಬ್ರ್ಯಾಂಚ್ ಕೇಳಿದರೆ ಮುಂದಕ್ಕೆ ಬರುತ್ತದೆ. ಒಂದೇ ವರ್ಷದ ಪಟ್ಟಿ ನೋಡಿ ತೀರ್ಮಾನ ಮಾಡಬೇಡಿ. ಮೂರು ವರ್ಷದ್ದು ಪಕ್ಕಪಕ್ಕ ಇಡಿ. ಮೂರರಲ್ಲೂ ಮಗನ ರ‍್ಯಾಂಕ್ ಒಳಗಿದ್ದರೆ ಆ ಸೀಟನ್ನು ನಂಬಬಹುದು. ಒಂದರಲ್ಲಿ ಮಾತ್ರ ಇದ್ದರೆ ಆಸೆಗೆ ಬರೆಯಬಹುದು. ಹೋಲಿಸುವಾಗ ಅಂಕ ಬೇಡ, ರ‍್ಯಾಂಕ್ ಹೋಲಿಸಿ. 2024ರ ಸಿಇಟಿಯಲ್ಲಿ ಸಿಲಬಸ್ಸಿನ ಹೊರಗಿನ 50 ಪ್ರಶ್ನೆ ಕೈಬಿಟ್ಟರು, ಆ ವರ್ಷದ ಅಂಕಕ್ಕೂ ಬೇರೆ ವರ್ಷದ ಅಂಕಕ್ಕೂ ತಾಳೆ ಆಗುವುದಿಲ್ಲ.

371ಜೆ ಪತ್ರ ಈಗ ಕೈಯಲ್ಲಿ ಇದೆಯಾ? ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಅದು ಎಸಿ (ಉಪವಿಭಾಗಾಧಿಕಾರಿ) ಆಫೀಸಿನಿಂದ ಬರಬೇಕು. ನನ್ನ ತಂಗಿಯದು ಹೇಳುತ್ತೇನೆ. ನಮ್ಮದು ಶಹಾಪುರ ತಾಲ್ಲೂಕು. 2016ರಲ್ಲಿ ಅವಳು ಸಿಇಟಿ ಬರೆದಳು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಒಂದು ಅಕ್ಷರದ ವ್ಯತ್ಯಾಸ. ಅರ್ಜಿ ಮೂರು ಸಲ ವಾಪಸ್ ಬಂತು. ಅಪ್ಪ ಬಿಸಿಲಲ್ಲಿ ಬಸ್ ಹತ್ತಿ ಇಳಿದು ಸುಸ್ತಾದರು. ಒಂದು ಸಲ ಸಾಹೇಬರು ಮೀಟಿಂಗ್, ಒಂದು ಸಲ ಸರ್ವರ್ ಇಲ್ಲ. ಪತ್ರ ಕೈಗೆ ಬಂದಾಗ ದಾಖಲೆ ಪರಿಶೀಲನೆಯ ದಿನ ದಾಟಿತ್ತು. ಅವಳು ಜಿಎಂ ಪಾಳಿಯಲ್ಲೇ ನಿಲ್ಲಬೇಕಾಯಿತು. ಅವಳಿಗಿಂತ ಹಿಂದಿನ ರ‍್ಯಾಂಕಿನ ಗೆಳತಿ ಎಚ್‌ಕೆ ಕೋಟಾದಲ್ಲಿ ಬೆಂಗಳೂರಿಗೆ ಹೋದಳು. ತಂಗಿ ಈಗ ಚೆನ್ನಾಗೇ ಇದ್ದಾಳೆ. ಆದರೆ ಆ ಬೇಸಿಗೆಯ ಮಾತು ಬಂದರೆ ಅಪ್ಪ ಇವತ್ತಿಗೂ ಎದ್ದು ಹೊರಗೆ ಹೋಗುತ್ತಾರೆ. ಸಿಇಟಿ ಅರ್ಜಿ ತುಂಬುವಾಗಲೇ ಎಚ್‌ಕೆ, ಕನ್ನಡ ಮಾಧ್ಯಮ, ಜಾತಿ, ಆದಾಯ ಎಲ್ಲ ನಮೂದಿಸಬೇಕು, ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಸಮೇತ. ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು, ಎರಡು ಶಾಲೆ ಆದ್ದರಿಂದ ಎರಡು ಕಡೆಯಿಂದ ತರಬೇಕಾಗುತ್ತದೆ.

ಮಾಕ್ ಟೆಸ್ಟಿನ ಆ 105 ಯಾವುದು ಅಂತಲೂ ಮಗನನ್ನು ಕೇಳಿ. ಮಕ್ಕಳು ಮನೆಯಲ್ಲಿ ಹೇಳುವುದು ಯಾವಾಗಲೂ ಅತಿ ಹೆಚ್ಚು ಬಂದ ಟೆಸ್ಟಿನ ಅಂಕ. ಬೈಯಬೇಡಿ, ನಾವೂ ಹಾಗೇ ಮಾಡಿದವರು. ಕೊನೆಯ ಐದು ಟೆಸ್ಟಿನ ಸರಾಸರಿ ತೆಗೆಯಿರಿ. ಅದರಲ್ಲೂ ಪೂರ್ತಿ ಸಿಲಬಸ್ಸಿನ ಟೆಸ್ಟ್ ಇರಲಿ. ಒಂದು ಚಾಪ್ಟರಿನ ಟೆಸ್ಟಿನಲ್ಲಿ ಬಂದ ಅಂಕದಿಂದ ರ‍್ಯಾಂಕ್ ಅಂದಾಜು ಮಾಡಲಾಗದು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋರ್ಡಿಂಗಿನಲ್ಲಿ ರ‍್ಯಾಂಕ್ ಬಂದವರ ಫೋಟೋ ನೋಡಿ ಕಾಲೇಜನ್ನು ಅಳೆಯುವವರು ಒಂದು ಪ್ರಶ್ನೆ ಕೇಳಬೇಕು: ಹನ್ನೆರಡು ಫೋಟೋ ಸರಿ, ಪರೀಕ್ಷೆಗೆ ಕೂತವರು ಎಷ್ಟು ಮಂದಿ?

ಮೆಡಿಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನೀಟ್, 720 ಅಂಕದ ಬೇರೆಯೇ ಪಾಳಿ. ಅಲ್ಲೂ 371ಜೆ ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, 2022ರಲ್ಲಿ ಶುರುವಾದ ಯಾದಗಿರಿಯ ಯಿಮ್ಸ್, ಇವುಗಳಲ್ಲಿ ರಾಜ್ಯದ ಪಾಲಿನ ಸೀಟಿಗೆ ಅದೇ 70% ಲೆಕ್ಕ. ಆದರೆ ಜೆಇಇ, ಸಿಇಟಿ, ನೀಟ್ ಮೂರನ್ನೂ ಒಬ್ಬ ಹುಡುಗನ ತಲೆ ಮೇಲೆ ಹೊರಿಸಬೇಡಿ. ‘ಅದಾದರೂ ಸರಿ’ ಅನ್ನುವ ಮನಸ್ಸಿನಿಂದ ನೀಟ್‌ನಲ್ಲಿ ಸರ್ಕಾರಿ ಸೀಟು ತೆಗೆದವರನ್ನು ನಾನು ನೋಡಿಲ್ಲ.

ಸರಿ, ನನ್ನ ಅಂದಾಜು. ಈಗಿನ ಅಂಕದಲ್ಲಿ ಐಐಟಿ ಇಲ್ಲ, ಸುರತ್ಕಲ್ ಇಲ್ಲ. ಆರ್‌ವಿ ಕಂಪ್ಯೂಟರ್ ಸೈನ್ಸ್ ಎಚ್‌ಕೆ ಪಾಳಿಯಲ್ಲೂ ದೂರ. ಸಿಇಟಿ 130ರ ಹತ್ತಿರ ಹೋದರೆ ಆರ್‌ವಿ, ಬಿಎಂಎಸ್ ಥರದ ಕಾಲೇಜಿನ ಬೇರೆ ಬ್ರ್ಯಾಂಚ್, ಇಲ್ಲವೇ ಬೆಂಗಳೂರಿನದೇ ಯುವಿಸಿಇ, ಎಚ್‌ಕೆ ಪಟ್ಟಿಯಲ್ಲಿ ಮನಸ್ಸಿಟ್ಟು ನೋಡುವಷ್ಟು ಹತ್ತಿರ ಬರುತ್ತವೆ. ಇಲ್ಲಿನ ಪಿಡಿಎ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಈಗಿನ ಅಂಕಕ್ಕೂ ಸಿಗುವ ಸಾಧ್ಯತೆ ಚೆನ್ನಾಗಿದೆ. 1958ರ ಕಾಲೇಜು, ಮನೆ ಊಟ, ಹಾಸ್ಟೆಲ್ ಖರ್ಚಿಲ್ಲ. ಬೆಂಗಳೂರು ಅನ್ನುವ ಒಂದೇ ಕಾರಣಕ್ಕೆ ಹೊರವಲಯದ ಹೆಸರಿಲ್ಲದ ಕಾಲೇಜಿಗೆ ಹೋಗುವುದಕ್ಕಿಂತ ನಾನು ಪಿಡಿಎ ಮೇಲೆ ಇಡುತ್ತೇನೆ.

ಬೇಕಾದ ಕಾಲೇಜು, ಬ್ರ್ಯಾಂಚುಗಳನ್ನು ಸಾಲಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಮಾತ್ರ ಈ ಅಂದಾಜಿನ ಪ್ರಕಾರ ಬರೆಯಬೇಡಿ, ಇಷ್ಟದ ಪ್ರಕಾರ ಬರೆಯಿರಿ. ಸಿಗದ್ದನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ. ಮೇಲಿಂದ ನೋಡುತ್ತಾ ಬಂದು ಮೊದಲು ಸಿಗುವುದನ್ನು ಕೊಡುತ್ತಾರೆ, ಅಷ್ಟೇ. ಮಾಕ್ ಅಲಾಟ್‌ಮೆಂಟ್ (ಸೀಟು ಹಂಚಿಕೆಯ ತಾಲೀಮು) ಬಂದ ದಿನ ಯಾವ ಕೋಟಾದಲ್ಲಿ ಸೀಟು ತೋರಿಸಿದೆ ಅಂತ ನೋಡಿ. ಎಚ್‌ಕೆ ಎಲ್ಲೂ ಕಾಣಿಸದಿದ್ದರೆ ಪರಿಶೀಲನೆಯಲ್ಲಿ ಏನೋ ಬಿಟ್ಟುಹೋಗಿದೆಯೇನೋ ಅಂತ ಆಗಲೇ ವಿಚಾರಿಸಿ. ಮುಂದೆ ಸೀಟು ಬಂದಾಗ, ಅದು ಇರಲಿ ಆದರೆ ಇನ್ನೂ ಒಳ್ಳೆಯದು ಬೇಕು ಅನ್ನುವವರಿಗೆ ಚಾಯ್ಸ್ 2. ಗೊತ್ತಿಲ್ಲದೆ ಚಾಯ್ಸ್ 4 ಒತ್ತಿದರೆ ಪೂರ್ತಿ ಹೊರಗೆ ಬಿದ್ದಂತೆ. ಸೈಬರ್ ಸೆಂಟರಿನ ಹುಡುಗನ ಕೈಗೆ ಪಾಸ್‌ವರ್ಡ್ ಕೊಟ್ಟು ಚಹಾ ಕುಡಿಯಲು ಹೋಗಬೇಡಿ.

ನಿಮ್ಮ ಜಾತಿ ವರ್ಗ, ಕೊನೆಯ ಐದು ಸಿಇಟಿ ಮಾಕ್ ಅಂಕ, 371ಜೆ ಪತ್ರ ಇದೆಯೋ ಇಲ್ಲವೋ, ಈ ಮೂರನ್ನು ಕೆಳಗೆ ಬರೆಯಿರಿ. ಭಾನುವಾರ ಕೂತು ಮೂರು ವರ್ಷದ ಎಚ್‌ಕೆ ಪಟ್ಟಿ ಜೊತೆ ಹಚ್ಚಿ ನೋಡಿ ಹೇಳುತ್ತೇನೆ.